ಒಣಹವೆ ಎಂದು ಸಾರಿದ ದಿನ ಕೊಡೆ ತರುವ ಬಗ್ಗೆ

ಅಂತರರಾಷ್ಟ್ರೀಯ ಮುಂಗಾರು ಸಂಶೋಧನಾ ಸಮನ್ವಯ ಕಚೇರಿ
(ಮಳೆ, ಮಳೆಯ ಬಿಡುವು ಹಾಗೂ ಇತರೆ)

ಸಂಖ್ಯೆ: ಮುಂಸಂಸ/ಸಾಮಾನ್ಯ/ಕೊಡೆ/೧೭

ದಿನಾಂಕ: ಮುಂಗಾರು ಆರಂಭವಾದ ಮರುದಿನ (ಆರಂಭವಾದದ್ದು ಯಾವ ದಿನ ಎಂಬ ಬಗ್ಗೆ ಸದಸ್ಯ ರಾಷ್ಟ್ರಗಳಲ್ಲಿ ಒಮ್ಮತ ಮೂಡಿದ ಮೇಲೆ ತುಂಬಿಕೊಳ್ಳತಕ್ಕದ್ದು)

ಸುತ್ತೋಲೆ

ವಿಷಯ: ಕಚೇರಿಯ ಸಿಬ್ಬಂದಿ ಕೊಡೆ ತರುವುದು, ತರದಿರುವುದು, ತಂದ ಕೊಡೆಯಿಂದ ಹೊರದೇಶದ ವಿಜ್ಞಾನಿಗಳು ಅರ್ಥ ಹುಡುಕುವುದು ಹಾಗೂ ತತ್ಸಂಬಂಧದ ಶಿಸ್ತಿನ ಕುರಿತು.

ಉಲ್ಲೇಖ:
೧. ಮಹಾನಿರ್ದೇಶಕರ ಮೌಖಿಕ ಆದೇಶ, ಮೆಟ್ಟಿಲ ಮೇಲೆ ನಿಂತು ನೀಡಿದ್ದು.
೨. ಸದರಿ ಆದೇಶದ ಮೌಖಿಕ ರದ್ದತಿ, ಮಳೆಯಲ್ಲಿ ನಿಂತು ನೀಡಿದ್ದು.
೩. ಸದಸ್ಯ ರಾಷ್ಟ್ರಗಳ ಸರ್ವಾನುಮತದ ನಿರ್ಣಯ (ಇದುವರೆಗೆ ಸುಳ್ಳಾಗದ ಏಕೈಕ).

ಪ್ರಸ್ತಾವನೆ

ಒಂದೇ ಕಡಲಿನ ಗಾಳಿ ಹಲವು ದೇಶಗಳಿಗೆ ಮಳೆ ತರುತ್ತದೆ. ಗಾಳಿಗೆ ಗಡಿ ದಾಟಲು ರಹದಾರಿ ಬೇಕಿಲ್ಲ. ಗಾಳಿಯ ಲೆಕ್ಕಕ್ಕೆ ಬೇಕು. ಒಂದು ದೇಶದವರು ಕಡಲಿನ ಬಿಸಿ ಅಳೆಯುತ್ತಾರೆ, ಇನ್ನೊಂದು ದೇಶದವರು ಬೆಟ್ಟದ ಹಿಮ ಅಳೆಯುತ್ತಾರೆ, ಮತ್ತೊಂದು ದೇಶದವರು ಮೋಡದ ಎತ್ತರ ನೋಡುತ್ತಾರೆ. ಅವರವರ ಗಣಕಯಂತ್ರ ಅವರವರಿಗೆ ಬೇರೆ ಬೇರೆ ಉತ್ತರ ಹೇಳುತ್ತದೆ. ಆ ಉತ್ತರಗಳನ್ನೆಲ್ಲ ಒಂದು ಮೇಜಿಗೆ ತಂದು, ಜಗಳವಾಗದಂತೆ ಕೂಡಿಸಿ, ಒಂದೇ ಮುನ್ಸೂಚನೆ ಮಾಡಿ ಹೊರಡಿಸುವುದು ಈ ಕಚೇರಿಯ ಕರ್ತವ್ಯವಾಗಿರುತ್ತದೆ. ಆ ಮೇಜಿನ ಸುತ್ತ ಎಲ್ಲರನ್ನೂ ಕೂರಿಸುವುದು, ಕೂತವರು ಎದ್ದು ಹೋಗದಂತೆ ನೋಡಿಕೊಳ್ಳುವುದು ಕೆಳಗೆ ಸಹಿ ಮಾಡಿರುವ ಸಮನ್ವಯ ಅಧೀಕ್ಷಕರ ಕರ್ತವ್ಯವಾಗಿರುತ್ತದೆ. ಇನ್ನು ಮುಂದೆ ಅವರನ್ನು 'ಅಧೀಕ್ಷಕರು' ಎಂದಷ್ಟೇ ಕರೆಯಲಾಗುವುದು. ಮನೆಯಲ್ಲಿ ಅವರನ್ನು ಬೇರೆ ರೀತಿ ಕರೆಯುತ್ತಿದ್ದವರು ಈಗ ಇಲ್ಲ.

ಮುಂಗಾರಿಗೆ ಮುಂಚಿನ ಜಂಟಿ ಅಧಿವೇಶನವು ಈ ಕಚೇರಿಯಲ್ಲಿ ಜರುಗಿದ್ದು ಸರಿಯಷ್ಟೆ. ಮುಂದಿನ ಕೆಲವು ದಿನ ಒಣಹವೆ ಇರುತ್ತದೆಂದು ಎಲ್ಲ ದೇಶದವರೂ ಒಪ್ಪಿದರು. ಇಂಥದ್ದು ಹಿಂದೆಂದೂ ಆಗಿರಲಿಲ್ಲ. ಸಹಿ ಹಾಕುವ ಮುನ್ನ ಭಾವಚಿತ್ರಕ್ಕೆಂದು ಎಲ್ಲರೂ ಸಂತೋಷದಿಂದ ಕೆಳಗಿಳಿದು ಬಂದರು. ಕೆಳಗೆ, ಬಾಗಿಲ ಪಕ್ಕದಲ್ಲಿ, ಕಬ್ಬಿಣದ ಕೊಡೆಗೂಟ ಇದೆ. ಅದರ ಬುಡದಲ್ಲಿ ನೀರು ಹಿಡಿಯುವ ತಗಡಿನ ತಟ್ಟೆ ಇದೆ. ಎಡದಿಂದ ಮೂರನೆಯ ಕೊಕ್ಕೆಯಲ್ಲಿ ಒಂದು ಕರಿಯ ಕೊಡೆ ನೇತಾಡುತ್ತಿತ್ತು. ಅದರ ಒಂದು ಕಡ್ಡಿಗೆ ದಾರ ಸುತ್ತಿತ್ತು. ಹಿಡಿಕೆಗೆ ಹಸಿರು ಬಟ್ಟೆಯ ಕವಚ ಹೊಲಿದಿತ್ತು, ಹೊಲಿಗೆ ಅಚ್ಚುಕಟ್ಟಾಗಿತ್ತು.

ಕಡಲಿನ ಬಿಸಿ ಅಳೆಯುವ ತಂಡದ ಮುಖಂಡರು, ಎತ್ತರದ ಕಾರಣ ಕಚೇರಿಯಲ್ಲಿ 'ಏಣಿ ಸಾಹೇಬರು' ಎಂದು ಹೆಸರಾದವರು, ಅದನ್ನು ಕಂಡು ನಿಂತರು. ಸ್ವಾಗತ ಮೇಜಿನಲ್ಲಿ ಕೂರುವ, ಕಚೇರಿಯವರೆಲ್ಲ ಅಕ್ಕ ಎಂದು ಕರೆಯುವ ಸಿಬ್ಬಂದಿಯೊಡನೆ ಅವರ ಸಂಭಾಷಣೆಯು ಈ ಕೆಳಗಿನಂತೆ ದಾಖಲಾಗಿರುತ್ತದೆ:

"ಇದ್ಯಾರ್ದಮ್ಮ ಕೊಡೆ?"

"ನಮ್ಮ ಅಧೀಕ್ಷಕರದ್ದು."

"ಎಲ್ಲಾ ದೇಶದ ಲೆಕ್ಕಾನೂ ಅವರೇ ಓದ್ತಾರಲ್ವಾ?"

"ಓದ್ತಾರೆ. ಓದಿದ್ಮೇಲೆ ಒಂದು ನಿಟ್ಟುಸಿರೂ ಬಿಡ್ತಾರೆ."

ಏಣಿ ಸಾಹೇಬರು ಭಾವಚಿತ್ರಕ್ಕೆ ನಿಲ್ಲದೆ ಮಹಡಿ ಹತ್ತಿ ಹೋಗಿ, ತಮ್ಮ ಲೆಕ್ಕದಲ್ಲಿ ಸಣ್ಣ ತುಂತುರನ್ನು ಸೇರಿಸಿದರು. ಕಡಲಿನವರು ತುಂತುರು ಸೇರಿಸಿದ್ದನ್ನು ಕಂಡು ಹಿಮದವರು ಜಡಿಮಳೆ ಹಾಕಿದರು. ಹಿಮದವರಿಗೆ ಏನೋ ಗೊತ್ತಾಗಿದೆ ಎಂದು ಮೋಡದವರು ಗುಡುಗು ಸೇರಿಸಿದರು. ಊಟದ ಹೊತ್ತಿಗೆ ಮುನ್ಸೂಚನೆಯಲ್ಲಿ ಸೇತುವೆಗಳು ಮುಳುಗಿದ್ದವು. ಯಾರೂ ಸಹಿ ಹಾಕಲಿಲ್ಲ. ಎಲ್ಲರೂ ಒಬ್ಬರಿಗೊಬ್ಬರು ಕಾಣದಂತೆ ರಸ್ತೆಯಾಚೆಯ ಅಂಗಡಿಗೆ ಹೋಗಿ ಕೊಡೆ ಕೊಂಡು ತಂದರು. ಅಂಗಡಿ ಒಂದೇ ಇದ್ದುದರಿಂದ ಅಲ್ಲಿ ಎಲ್ಲರಿಗೂ ಎಲ್ಲರೂ ಕಂಡರು. ಅಂಗಡಿಯಾತ ಸಂಜೆಯೊಳಗೆ 'ಮಳೆ ಕಚೇರಿಯವರೇ ಕೊಳ್ಳುವ ಕೊಡೆ' ಎಂದು ಹಲಗೆ ಬರೆಸಿ ತೂಗುಹಾಕಿದ. ಬೀದಿಯವರೆಲ್ಲ ಒಣಹಾಕಿದ ಬಟ್ಟೆ ಒಳಗೆ ತೆಗೆದರು. ಶಾಲೆಯವರು ಮಕ್ಕಳ ಓಟದ ಪಂದ್ಯ ಮುಂದೂಡಿದರು. ಮಳೆ ಬರಲಿಲ್ಲ. ಮರುದಿನವೂ ಬರಲಿಲ್ಲ. ತಡವಾಗಿ ತೆಗೆದ ಭಾವಚಿತ್ರದಲ್ಲಿ ಹಲವು ದೇಶಗಳ ವಿಜ್ಞಾನಿಗಳು ಕಂಕುಳಲ್ಲಿ ಹೊಸ ಕೊಡೆ ಇರುಕಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿರುವುದನ್ನು ಕಾಣಬಹುದಾಗಿದೆ.

ಮಹಾನಿರ್ದೇಶಕರು ಮೆಟ್ಟಿಲ ಮೇಲೆ ನಿಂತು ಆದೇಶಿಸಿದರು: "ಆ ಕೊಡೆ ಇನ್ನು ನನ್ನ ಕಣ್ಣಿಗೆ ಬೀಳಬಾರದು. ಉಗ್ರಾಣಕ್ಕೆ ಹಾಕಿ ಬೀಗ ಜಡೀರಿ. ಮುರಿದ ಕುರ್ಚಿಗಳ ಜೊತೆ ಹರಾಜಿಗೆ ಹೋಗ್ಲಿ. ಯಾರು ತಂದಿದ್ದು, ಯಾಕೆ ತಂದಿದ್ದು, ವಿಚಾರಣೆ ಆಗ್ಲಿ."

ಈ ಕಚೇರಿಯ ಎಲ್ಲ ವಿಚಾರಣೆಗಳನ್ನೂ ಅಧೀಕ್ಷಕರೇ ನಡೆಸುವ ಪದ್ಧತಿ ಇರುವುದರಿಂದ, ತಮ್ಮ ಕೊಡೆಯ ವಿಚಾರಣೆಗೆ ಅಧೀಕ್ಷಕರೇ ನೇಮಕಗೊಂಡರು. ಅವರು ತಮಗೆ ತಾವೇ ನೋಟಿಸು ಜಾರಿ ಮಾಡಿ, ಅದನ್ನು ಖುದ್ದಾಗಿ ಸ್ವೀಕರಿಸಿದರು. ಉತ್ತರಿಸಲು ಕಾಲಾವಕಾಶ ಕೋರಿದರು, ಮಂಜೂರಾಯಿತು. ಒಣಹವೆ ಎಂದು ತಾವೇ ಸಾರಿದ ದಿನ ಕೊಡೆ ತಂದದ್ದೇಕೆ ಎಂಬ ಪ್ರಶ್ನೆಗೆ 'ಅಭ್ಯಾಸ' ಎಂದು ಉತ್ತರ ಬರೆದರು. ವಿಚಾರಣಾಧಿಕಾರಿಗೆ ಉತ್ತರ ಸಾಲದೆನಿಸಿತು. ಉತ್ತರಿಸಿದವರು ಅದೇ ಪದದ ಕೆಳಗೆ ಗೆರೆ ಎಳೆದು ಮರಳಿಸಿದರು. ಇಬ್ಬರೂ ಒಂದೇ ಲೋಟದಲ್ಲಿ ಚಹಾ ಕುಡಿದರೆಂದು ನಡಾವಳಿಯಲ್ಲಿ ನಮೂದಾಗಿದೆ.

ಬಳಿಕ ಸಾಕ್ಷಿಯಾಗಿ ಅಕ್ಕನ ಹೇಳಿಕೆಯನ್ನು ಪಡೆಯಲಾಯಿತು. ಅದನ್ನು ಯಥಾವತ್ತಾಗಿ ಕೊಡಲಾಗಿದೆ:

"ಬರ್ಕೊಳ್ಳಿ. ಅವರ ಮನೆಯವರು ಇದ್ದಾಗ ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಕೇಳೋರು, ಇವತ್ತು ನಿಮ್ಮ ಆಫೀಸು ಏನನ್ನುತ್ತೆ ಅಂತ. ಮಳೆ ಇದೆ ಅಂದ್ರೆ ಕೈಗೆ ಕೊಡೆ ತಗಲಿಸೋರು. ಮಳೆ ಇಲ್ಲ ಅಂದ್ರೆ, ಹಾಗಿದ್ರೆ ಖಂಡಿತ ಬೇಕಾಗುತ್ತೆ ಅಂತ ತಗಲಿಸೋರು. ಇದನ್ನ ನಂಗೆ ಹೇಳಿದ್ದು ಯಾರು? ನೀವೇ. ನಗ್ತಾ ಹೇಳಿದ್ರಿ. ಹೋದ ಮಳೆಗಾಲದಲ್ಲಿ ಆ ತಾಯಿ ಹೋದ್ರು. ಈಗ ತಗಲಿಸೋರಿಲ್ಲ ಅಂತ ತಾವೇ ತಗೊಂಡು ಬರ್ತಾರೆ. ಇದ್ರಲ್ಲಿ ವಿಚಾರಣೆ ಮಾಡೋಕೆ ಏನಿದೆ ಮಾರಾಯ್ರೆ? ಕೊಡೆಗೆ ಬೀಗ ಹಾಕಿ ಎಷ್ಟು ದಿನ ಆಯ್ತು, ಇವರು ಇನ್ನೂ ಮೊಣಕೈ ಮಡಚಿಕೊಂಡೇ ಬರ್ತಾರೆ, ಖಾಲಿ ಕೈ. ಇದನ್ನೂ ಬರ್ಕೊಳ್ಳಿ. ಪೆನ್ನು ಯಾಕೆ ನಿಲ್ಲಿಸಿದ್ರಿ?"

ಕೊನೆಯ ಪ್ರಶ್ನೆಯನ್ನು ಅಪ್ರಸ್ತುತವೆಂದು ಕೈಬಿಡಲಾಗಿದೆ.

ಕೊಡೆ ಕಣ್ಮರೆಯಾದ ಮೇಲೆ ವಿಜ್ಞಾನಿಗಳ ಮನಸ್ಸು ತಿಳಿಯಾಯಿತು. ಉಳಿದ ದಿನಗಳೂ ಒಣಹವೆಯೇ ಎಂದು ಮತ್ತೊಮ್ಮೆ ಒಪ್ಪಿ, ಈ ಸಲ ಸಹಿಯನ್ನೂ ಹಾಕಿದರು. ಸಹಿ ಹಾಕಿದ ಮೇಲೆ ಕೊಡೆ ಇಟ್ಟುಕೊಳ್ಳುವುದು ಮರ್ಯಾದೆಯಲ್ಲವೆಂದು ಎಲ್ಲರೂ ತಮ್ಮ ಹೊಸ ಕೊಡೆಗಳನ್ನು ಅಂಗಡಿಗೆ ಹಿಂತಿರುಗಿಸಿದರು. ಅಂಗಡಿಯಾತನೂ ಜಂಟಿ ಮುನ್ಸೂಚನೆಯನ್ನು ನಂಬಿ, ಬಾಗಿಲು ಹಾಕಿಕೊಂಡು ನೆಂಟರ ಮನೆಗೆ ಹೋದ. ಬೀಳ್ಕೊಡುಗೆಯ ದಿನ, ವಿಜ್ಞಾನಿಗಳನ್ನು ಕರೆದೊಯ್ಯುವ ಬಸ್ಸು ರಸ್ತೆಯಾಚೆ ಬಂದು ನಿಂತ ಹೊತ್ತಿಗೆ ಸರಿಯಾಗಿ, ಕೊಡದಿಂದ ಸುರಿದ ಹಾಗೆ ಮಳೆ ಹಿಡಿಯಿತು. ಅದು ಮುಂಗಾರಿನ ಆರಂಭವೋ, ಬರಿಯ ಒಂದು ಮಳೆಯೋ ಎಂಬ ಬಗ್ಗೆ ಸದಸ್ಯ ರಾಷ್ಟ್ರಗಳ ನಡುವೆ ಪತ್ರವ್ಯವಹಾರ ನಡೆದಿದೆ. ನೆನೆಯುವುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ.

ದಾರಿ ತೋರಿಸಲೆಂದು ಒಂದು ಹೆಜ್ಜೆ ಹೊರಗಿಟ್ಟಿದ್ದ ಮಹಾನಿರ್ದೇಶಕರು ಅಲ್ಲಿಂದಲೇ "ಆ ಕೊಡೆ ತನ್ನಿ" ಎಂದು ರದ್ದತಿ ಆದೇಶ ನೀಡಿದರು. ಉಗ್ರಾಣಪಾಲಕರು, "ಅದು ಹರಾಜಿಗೆ ಇಟ್ಟಿರೋ ಸಾಮಾನು ಮೇಡಂ, ಹಾಗೆಲ್ಲ ಕೊಡೋಕೆ ಬರಲ್ಲ" ಎಂದು ನಿಯಮವನ್ನು ನೆನಪಿಸಿದರು. "ಹರಾಜು ಈಗಲೇ. ನಾನೇ ಕೂಗ್ತಿದೀನಿ, ಕೇಳಿಸ್ತಾ ಇಲ್ವಾ?" ಎಂದು ಮಹಾನಿರ್ದೇಶಕರು ಕೂಗಿದರು. ಬೀಗ ತೆರೆಯಿತು.

ಕೊಡೆ ಒಂದು, ದೇಶಗಳು ಹಲವು. ಅಧೀಕ್ಷಕರು ಒಬ್ಬೊಬ್ಬ ವಿಜ್ಞಾನಿಯನ್ನೂ ಕೊಡೆಯಡಿಯಲ್ಲಿ ಕರೆದೊಯ್ದು ಬಸ್ಸು ಹತ್ತಿಸಿ, ಮರಳಿ ಬಂದು ಇನ್ನೊಬ್ಬರನ್ನು ಕರೆದೊಯ್ದರು. ಕಚೇರಿ ಸ್ಥಾಪನೆಯಾದಂದಿನಿಂದ ನಡೆದ ಸಮನ್ವಯ ಕಾರ್ಯಗಳಲ್ಲಿ ಇದು ಅತ್ಯಂತ ಸುಗಮವಾಗಿತ್ತೆಂದು ವರದಿಯಾಗಿದೆ. ಏಣಿ ಸಾಹೇಬರ ಸರದಿ ಬಂದಾಗ ಅವರ ಎತ್ತರಕ್ಕೆ ಕೊಡೆಯನ್ನು ಅವರೇ ಹಿಡಿಯಬೇಕಾಯಿತು. ಆದಕಾರಣ ಅಧೀಕ್ಷಕರ ಎಡಭುಜ ಪೂರ್ತಿ ನೆನೆಯಿತು. ರಸ್ತೆಯ ನಡುವೆ ನಡೆದ ಮಾತುಕತೆ:

"ಒಂದು ಮಾತು ಕೇಳ್ಲಾ? ಅವತ್ತು ನಿಮಗೆ ಏನು ಗೊತ್ತಿತ್ತು?"

"ಏನೂ ಗೊತ್ತಿರಲಿಲ್ಲ ಸ್ವಾಮಿ. ಮನೆಯವಳು ತಗೊಂಡು ಹೋಗಿ ಅಂತಿದ್ಲು."

"ಅಂತಿದ್ಲು ಅಂದ್ರೆ?"

"ಈಗ ಅನ್ನಲ್ಲ."

ರಸ್ತೆ ಅಗಲವಿಲ್ಲದ್ದರಿಂದ ಸಂಭಾಷಣೆ ಅಲ್ಲಿಗೆ ಮುಗಿಯಿತು. ಎಲ್ಲರೂ ಹತ್ತಿದ ಮೇಲೂ ಬಸ್ಸು ಬಹಳ ಹೊತ್ತು ಹೊರಡಲಿಲ್ಲ. ಗಾಜಿನ ಮೇಲೆ ಒಳಗಿನವರ ಉಸಿರಿನ ಮಂಜು ಕಟ್ಟಿತ್ತು. ಏನು ನಡೆಯುತ್ತಿದೆ ಎಂಬುದು ಹೊರಗೆ ನಿಂತವರಿಗೆ ಕಾಣಲಿಲ್ಲ. ಒಳಗೆ ಆದ ತೀರ್ಮಾನವನ್ನು ಕಂಡಿಕೆ ೧೦ರಲ್ಲಿ ನಮೂದಿಸಲಾಗಿದೆ.

ಮೇಲಿನ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಇಂಥ ಪ್ರಸಂಗ ಮರುಕಳಿಸದಿರಲೆಂದು ಸಮಸ್ತ ಸಿಬ್ಬಂದಿಗೆ ಕೆಳಕಂಡಂತೆ ತಿಳಿಯಪಡಿಸಲಾಗಿದೆ:

೧. ಕೊಡೆಯ ಪ್ರಮಾಣ. ಇನ್ನು ಮುಂದೆ ಕೊಡೆಗಳನ್ನು ಮುನ್ಸೂಚನೆಯ ಪ್ರಮಾಣಕ್ಕೆ ಸರಿಯಾಗಿ ತರತಕ್ಕದ್ದು. ಮಳೆಯ ಸಾಧ್ಯತೆ ಶೇಕಡಾ ಮೂವತ್ತು ಇದ್ದಲ್ಲಿ ಹತ್ತು ಮಂದಿಗೆ ಮೂರು ಕೊಡೆ. ಶೇಕಡಾ ಐವತ್ತು ಇದ್ದಲ್ಲಿ ಎಲ್ಲರೂ ತಂದು, ಅರ್ಧ ಮಾತ್ರ ಬಿಚ್ಚಿ ಹಿಡಿಯತಕ್ಕದ್ದು.

೨. ಆಕಾಶ ನೋಡುವುದು. ಕಚೇರಿ ವೇಳೆಯಲ್ಲಿ ಆಕಾಶ ನೋಡಲು ಪೂರ್ವಾನುಮತಿ ಪಡೆಯತಕ್ಕದ್ದು. ತಡೆಯಲಾಗದೆ ನೋಡಿದವರು, ಬಸ್ಸು ಬಂತೇ ಎಂದು ನೋಡುವವರ ಮುಖಭಾವವನ್ನು ಹೊಂದಿರತಕ್ಕದ್ದು. ಸಭಾ ಕೊಠಡಿಯ ಕಿಟಕಿಯಲ್ಲಿ ರಾಷ್ಟ್ರಕ್ಕೊಂದರಂತೆ ಗಾಜು ಹಂಚಲಾಗಿದೆ. ಪಕ್ಕದ ರಾಷ್ಟ್ರದ ಗಾಜಿನಲ್ಲಿ ಇಣುಕತಕ್ಕದ್ದಲ್ಲ. ಬಿರುಕು ಬಿಟ್ಟ ಗಾಜು ಆತಿಥೇಯರಿಗೆ.

೩. ಒದ್ದೆಯಾದವರು. ಒಣಹವೆಯೆಂದು ಸಾರಿದ ದಿನ ನೆನೆದು ಬಂದವರನ್ನು ಒಣಗಿದವರೆಂದೇ ಪರಿಗಣಿಸಲಾಗುವುದು. ಅವರು ನಕಲು ಯಂತ್ರದ ಪಕ್ಕ, ಅದರ ಬಿಸಿ ತಾಗುವಲ್ಲಿ ನಿಂತಿರತಕ್ಕದ್ದು. ನೀರು ಎಲ್ಲಿಂದ ಬಂತೆಂದು ಅತಿಥಿಗಳು ವಿಚಾರಿಸಿದಲ್ಲಿ 'ವೈಯಕ್ತಿಕ ಕಾರಣ' ಎಂದು ಉತ್ತರಿಸತಕ್ಕದ್ದು.

೪. ಮಂಡಿ. ಉಗ್ರಾಣಪಾಲಕರ ಎಡಮಂಡಿ ನೋಯತೊಡಗಿದರೆ ಮಳೆ ಬರುತ್ತದೆಂಬ ಮಾತು ಅಧಿವೇಶನದ ಚಹಾ ವಿರಾಮದಲ್ಲಿ ಹಬ್ಬಿದ್ದು ಗಮನಕ್ಕೆ ಬಂದಿದೆ. ಸದರಿ ಮಂಡಿಯು ವರ್ಷವಿಡೀ ನೋಯುವುದರಿಂದ, ಅದು ಹವಾಮಾನಕ್ಕಿಂತ ಹೆಚ್ಚಾಗಿ ವಯೋಮಾನವನ್ನು ಸೂಚಿಸುತ್ತದೆ. ಆದಾಗ್ಯೂ ಎರಡು ರಾಷ್ಟ್ರಗಳು ಮಂಡಿಯ ದತ್ತಾಂಶವನ್ನು ಕೋರಿರುವುದರಿಂದ ಅದಕ್ಕೆ ವೀಕ್ಷಣಾ ಕೇಂದ್ರದ ಸಂಖ್ಯೆ ನೀಡಲಾಗಿದೆ. ಬಲಮಂಡಿಯನ್ನು ಹೋಲಿಕೆಗೆಂದು ಇರಿಸಿಕೊಳ್ಳಲಾಗಿದೆ. ಎಣ್ಣೆ ತಿಕ್ಕುವ ಮುನ್ನ ಸದಸ್ಯ ರಾಷ್ಟ್ರಗಳಿಗೆ ತಿಳಿಸತಕ್ಕದ್ದು.

೫. ಕಪ್ಪೆ. ಹಿತ್ತಲ ತೊಟ್ಟಿಯ ಕಪ್ಪೆಗೆ ವೀಕ್ಷಕರ ಸ್ಥಾನ ಮಾತ್ರವಿದ್ದು, ಮತದಾನದ ಹಕ್ಕಿರುವುದಿಲ್ಲ.

೬. ಬಟ್ಟೆ ಒಣಹಾಕುವ ಪ್ರಶ್ನೆ. ಮನೆಯವರು, ನೆರೆಯವರು ಬಟ್ಟೆ ಹೊರಗೆ ಹಾಕಬಹುದೇ ಎಂದು ಕೇಳಿದಾಗ ಸಿಬ್ಬಂದಿಯು ಶೇಕಡಾವಾರು ಉತ್ತರ ಕೊಡುವುದು ಕ್ರಮಬದ್ಧವೇ ಆಗಿದ್ದರೂ, ಹಿಮದ ಲೆಕ್ಕ ನೋಡುವ ಗುಮಾಸ್ತರೊಬ್ಬರು ತಮ್ಮ ಅತ್ತೆಗೆ ಹಾಗೆ ಉತ್ತರಿಸಿ ತೊಂದರೆಗೆ ಸಿಲುಕಿರುತ್ತಾರೆ. "ಬರುತ್ತಾ ಬರಲ್ವಾ, ಎರಡ್ರಲ್ಲಿ ಒಂದು ಹೇಳಪ್ಪ. ಅರವತ್ತಂತೆ ಅರವತ್ತು. ಹೊದಿಕೆನ ಅರವತ್ತು ಪಾಲು ಒಳಗೆ, ನಲವತ್ತು ಪಾಲು ಹೊರಗೆ ಹಾಕ್ಲಾ? ಇಂಥವನಿಗೆ ಮಗಳನ್ನ ಕೊಟ್ವಲ್ಲ" ಎಂಬುದು ಅತ್ತೆಯವರ ಪ್ರತಿಕ್ರಿಯೆ. ಸದರಿ ಪ್ರತಿಕ್ರಿಯೆಯನ್ನು ತಜ್ಞರ ಸಮಿತಿಯ ಮುಂದಿಡಲಾಗಿ, ಸಮಿತಿಯು ಅದನ್ನು ಮುಂದಿನ ಅಧಿವೇಶನಕ್ಕೆ ಕಾಯ್ದಿರಿಸಿದೆ. ಅಲ್ಲಿಯವರೆಗೆ ಅಳಿಯಂದಿರು ಕಿವಿ ಕೇಳದವರಂತೆ ವರ್ತಿಸಲು ಅನುಮತಿ ನೀಡಲಾಗಿದೆ.

೭. ಗಾದೆಗಳು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎಂಬ ಗಾದೆಯನ್ನು ಕಚೇರಿಯ ಆವರಣದಲ್ಲಿ ಬಳಸುವುದನ್ನು ನಿಷೇಧಿಸಲಾಗಿದೆ. ಮುನ್ಸೂಚನೆ ಇದ್ದ ಪಕ್ಷದಲ್ಲಿ ಅರ್ಧರಾತ್ರಿ ಕೊಡೆ ಹಿಡಿಯುವುದು ಕಂಡಿಕೆ ೧ರ ಪ್ರಕಾರ ಸರಿಯಾಗಿಯೇ ಇದೆ. ಇನ್ನು ಐಶ್ವರ್ಯದ ವಿಷಯ. ಇಲ್ಲಿ ಯಾರಿಗೂ ಬಂದಿಲ್ಲವೆಂದು ಲೆಕ್ಕಪತ್ರ ಶಾಖೆ ದೃಢೀಕರಿಸಿದೆ. ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬ ಗಾದೆಗೆ ಈ ನಿಷೇಧ ಅನ್ವಯಿಸುವುದಿಲ್ಲ. ಕಾರಣ ಕೇಳತಕ್ಕದ್ದಲ್ಲ.

೮. 'ದೇವರೇ ಬಲ್ಲ' ಎಂಬ ಉತ್ತರ. ಮಳೆ ಯಾವಾಗ ಎಂದು ಸಾರ್ವಜನಿಕರು ದೂರವಾಣಿಯಲ್ಲಿ ಕೇಳಿದಾಗ ಕೆಲವು ಸಿಬ್ಬಂದಿ ಹೀಗೆ ಉತ್ತರಿಸುತ್ತಿರುವುದು ಕಂಡುಬಂದಿದೆ. ಸದರಿ ಉತ್ತರದಲ್ಲಿ ತಾಂತ್ರಿಕ ದೋಷ ಕಂಡುಬಂದಿರುವುದಿಲ್ಲ. ಆದರೆ ಮೂಲ ದತ್ತಾಂಶವು ಸದಸ್ಯ ರಾಷ್ಟ್ರಗಳಿಗೆ ಲಭ್ಯವಿಲ್ಲದ ಕಾರಣ ಅದನ್ನು ಅಧಿಕೃತವಾಗಿ ಬಳಸತಕ್ಕದ್ದಲ್ಲ. ಅಧೀಕ್ಷಕರು ಬೆಳಗಿನ ಪ್ರಾರ್ಥನೆಯಲ್ಲಿ ಮಳೆಯನ್ನಾಗಲಿ ಬಿಸಿಲನ್ನಾಗಲಿ ಕೇಳುವ ಪರಿಪಾಠವಿಲ್ಲ. ಕೊಟ್ಟದ್ದನ್ನು ಹಿಡಿದುಕೊಳ್ಳುವಷ್ಟು ಅಂಗೈ, ತೆಗೆದುಕೊಂಡದ್ದನ್ನು ಬಿಡುವಷ್ಟು ಬೆರಳು, ಇಷ್ಟನ್ನೇ ಕೇಳುತ್ತಾರೆ. ಎರಡನೆಯ ಕೋರಿಕೆ ಪರಿಶೀಲನೆಯಲ್ಲಿದೆ.

೯. ಸಂಶೋಧನೆ. ಕೊಡೆ ಇದ್ದಾಗ ಮಳೆ ಬರಲಿಲ್ಲ, ಕೊಡೆಗೆ ಬೀಗ ಹಾಕಿದಾಗ ಬಂತು ಎಂಬ ಎರಡು ಅವಲೋಕನಗಳ ಆಧಾರದ ಮೇಲೆ ಮೂರು ರಾಷ್ಟ್ರಗಳ ವಿಜ್ಞಾನಿಗಳು ನಾಲ್ಕು ಪ್ರಬಂಧಗಳನ್ನು ಸಿದ್ಧಪಡಿಸುತ್ತಿರುವುದಾಗಿ ತಿಳಿದುಬಂದಿದೆ. ಕಚೇರಿಯ ಇತರ ವಸ್ತುಗಳಾದ ಬಕೆಟ್ಟು, ಚಪ್ಪಲಿ, ಮಹಾನಿರ್ದೇಶಕರ ಕನ್ನಡಕ ಇವುಗಳನ್ನು ಅಧ್ಯಯನಕ್ಕೆಂದು ಬಚ್ಚಿಡತಕ್ಕದ್ದಲ್ಲ. ಕನ್ನಡಕವನ್ನು ಈಗಾಗಲೇ ಬಚ್ಚಿಟ್ಟವರು ಮರಳಿಸತಕ್ಕದ್ದು. ಅದರಿಂದ ಗಾಳಿಯ ದಿಕ್ಕು ಬದಲಾಗಿಲ್ಲ.

೧೦. ವಿನಾಯಿತಿ. ನಿಂತ ಬಸ್ಸಿನೊಳಗೆ ಏಣಿ ಸಾಹೇಬರು ಮಂಡಿಸಿ, ಹಿಮದವರು ಅನುಮೋದಿಸಿ, ಮೋಡದವರು ತಿದ್ದುಪಡಿಯಿಲ್ಲದೆ ಅಂಗೀಕರಿಸಿದ ನಿರ್ಣಯವನ್ನು ಇಲ್ಲಿ ಕೊಡಲಾಗಿದೆ. ಮುಂಗಾರು ಎಂದರೇನು, ಎಲ್ಲಿಂದ ಶುರು, ಎಷ್ಟು ಹನಿ ಬಿದ್ದರೆ ಮಳೆ ಎಂಬ ಯಾವ ಪ್ರಶ್ನೆಯಲ್ಲೂ ಒಂದಾಗದ ರಾಷ್ಟ್ರಗಳು ಈ ಒಂದರಲ್ಲಿ ಕೈ ಎತ್ತಿ ಒಂದಾಗಿವೆ. ಬಸ್ಸಿನ ಚಾಲಕರೂ ಕೈ ಎತ್ತಿದ್ದು, ಅವರ ಮತವನ್ನು ಎಣಿಕೆಗೆ ತೆಗೆದುಕೊಳ್ಳಲಾಗಿದೆ.

ನಿರ್ಣಯವೇನೆಂದರೆ: ಎಡದಿಂದ ಮೂರನೆಯ ಕೊಕ್ಕೆಯ ಹಸಿರು ಹಿಡಿಕೆಯ ಕೊಡೆಯು ಮುನ್ಸೂಚನೆಯಲ್ಲ. ಅದರಿಂದ ಯಾವ ರಾಷ್ಟ್ರವೂ ಯಾವ ಅರ್ಥವನ್ನೂ ತೆಗೆಯತಕ್ಕದ್ದಲ್ಲ. ಬಿಸಿಲಿರಲಿ, ಮಳೆಯಿರಲಿ, ಅದು ದಿನವೂ ಬರತಕ್ಕದ್ದು. ಬಾರದ ದಿನ ಏಕೆ ಬರಲಿಲ್ಲವೆಂದು ವಿಚಾರಿಸತಕ್ಕದ್ದು. ಎಲ್ಲ ದೇಶಗಳ ಲೆಕ್ಕದಲ್ಲೂ ಅದನ್ನು, ಹವಾಮಾನ ಏನೇ ಆದರೂ ಬದಲಾಗದ ಒಂದು ಸ್ಥಿರಾಂಕವೆಂದು ನಮೂದಿಸತಕ್ಕದ್ದು.

ಈ ನಿರ್ಣಯವನ್ನು ಬಸ್ಸಿನ ಕಿಟಕಿಯಿಂದ ಕೈಚಾಚಿ ಕೊಟ್ಟಾಗ ಅಧೀಕ್ಷಕರು ಓದಿಕೊಂಡು, ಸ್ವೀಕೃತಿಗೆ ಸಹಿ ಹಾಕಲು ಕೊಡೆಯನ್ನು ಭುಜಕ್ಕೆ ಒರಗಿಸಿಕೊಂಡರು. ಕಾಗದದ ಮೇಲೆ ಶಾಯಿ ಒಂದೆಡೆ ಹರಡಿರುವುದಕ್ಕೆ ಮಳೆಯೇ ಕಾರಣವೆಂದು ಅಕ್ಕ ಪ್ರಮಾಣೀಕರಿಸಿರುತ್ತಾರೆ. ಅಕ್ಕನ ಪ್ರಮಾಣಪತ್ರವನ್ನು ಪ್ರಶ್ನಿಸತಕ್ಕದ್ದಲ್ಲ.

ವಿಚಾರಣೆಯನ್ನು ಮುಕ್ತಾಯಗೊಳಿಸಲಾಗಿದೆ. ಅಧೀಕ್ಷಕರು ಅಧೀಕ್ಷಕರಿಗೆ ಎಚ್ಚರಿಕೆ ನೀಡಿ ಬಿಟ್ಟಿರುತ್ತಾರೆ.

(ಸಹಿ)
ಸಮನ್ವಯ ಅಧೀಕ್ಷಕರು
ಮಹಾನಿರ್ದೇಶಕರ ಪರವಾಗಿ
(ಮಹಾನಿರ್ದೇಶಕರು ಕನ್ನಡಕ ಸಿಗದ ಕಾರಣ ಓದದೆ ಅನುಮೋದಿಸಿರುತ್ತಾರೆ)

ಪ್ರತಿಗಳು:
೧. ಎಲ್ಲ ಸದಸ್ಯ ರಾಷ್ಟ್ರಗಳ ಸಂಶೋಧನಾ ತಂಡಗಳಿಗೆ, ಸ್ಥಿರಾಂಕವನ್ನು ಸೇರಿಸಿಕೊಳ್ಳುವ ಸಲುವಾಗಿ.
೨. ಏಣಿ ಸಾಹೇಬರಿಗೆ, ಎತ್ತರದ ಫಲಕದಲ್ಲಿ ಅಂಟಿಸುವ ವಿನಂತಿಯೊಂದಿಗೆ.
೩. ಉಗ್ರಾಣಪಾಲಕರಿಗೆ. ಮುರಿದ ಕುರ್ಚಿಗಳ ಹರಾಜನ್ನು ಎಂದಿನಂತೆ ಮುಂದೂಡಲಾಗಿದೆ.
೪. ಎದುರು ಅಂಗಡಿಯವರಿಗೆ, ಹಲಗೆ ತೆಗೆಯುವ ಬಗ್ಗೆ. ನೆಂಟರ ಮನೆಯಿಂದ ಮರಳಿದ ನಂತರ.
೫. ಬಸ್ಸಿನ ಚಾಲಕರಿಗೆ, ವಂದನೆಗಳೊಂದಿಗೆ.
೬. ತೊಟ್ಟಿಯ ಬಳಿ ತೂಗುಹಾಕಲು ಒಂದು ಹೆಚ್ಚುವರಿ ಪ್ರತಿ.
೭. ಕಚೇರಿ ಕಡತಕ್ಕೆ.
೮. ಮೂಲತಃ ಕೊಡೆ ಒಯ್ಯಲು ಆದೇಶಿಸಿದವರಿಗೆ. (ವಿಳಾಸ ಕಚೇರಿಗೆ ತಿಳಿದಿಲ್ಲ. ಅಧೀಕ್ಷಕರು ಸಂಜೆಯ ಪ್ರಾರ್ಥನೆಯ ಬಳಿಕ ಖುದ್ದಾಗಿ ಓದಿ ಹೇಳತಕ್ಕದ್ದು. ಅವರು ನಕ್ಕಲ್ಲಿ, ತಲುಪಿತೆಂದು ಭಾವಿಸತಕ್ಕದ್ದು.)